ಸ್ಪರ್ಧೆ ಮುಗಿದ ಮೇಲೆ ಊರಿಗೆ ಉಳಿಯುವ ಬೆಂಚು



ಜಾತ್ರೆಯ ಜಾನುವಾರು ಪ್ರದರ್ಶನದಲ್ಲಿ ಹಾಲು ಕರೆಯುವ ಸ್ಪರ್ಧೆಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ, ಕೆಲವರು ಹಸು ಕಟ್ಟಿಯೂ ಇದ್ದೀರಿ. ಅಲ್ಲಿ ಒಂದು ವಿಷಯ ಸಹಜವಾಗಿಯೇ ನಡೆದುಹೋಗುತ್ತದೆ. ಯಾರು ಗೆದ್ದರೂ ಯಾರು ಸೋತರೂ ಕರೆದ ಹಾಲನ್ನು ಯಾರೂ ಚೆಲ್ಲುವುದಿಲ್ಲ. ಅದು ಯಾರದೋ ಹೊಟ್ಟೆ ಸೇರುತ್ತದೆ. ಆದರೆ ಕೈಕೆಲಸದ ಸ್ಪರ್ಧೆಗಳಲ್ಲಿ ಎಷ್ಟೋ ಸಲ ಹೀಗಾಗುವುದಿಲ್ಲ. ಹುಡುಗರು ದಿನವಿಡೀ ಮರ ಕೊಯ್ದು ಜೋಡಿಸುತ್ತಾರೆ, ತೀರ್ಪುಗಾರರು ಅಂಕ ಹಾಕುತ್ತಾರೆ, ಮಾರನೆಯ ದಿನ ಆ ಮಾದರಿಗಳು ಮೂಲೆ ಸೇರುತ್ತವೆ ಅಥವಾ ಸೌದೆಯಾಗುತ್ತವೆ.

ನ್ಯೂಜಿಲೆಂಡ್ ದೇಶದಲ್ಲಿ ಬಡಗಿ ಕೆಲಸ ಕಲಿಯುವ ಅಪ್ರೆಂಟಿಸ್‌ಗಳಿಗೆ ಪ್ರತಿವರ್ಷ ನಡೆಯುವ ಒಂದು ಸ್ಪರ್ಧೆ ಇದನ್ನು ಬೇರೆ ರೀತಿ ಮಾಡಿದೆ. ಸ್ಪರ್ಧೆಯಲ್ಲಿ ತಯಾರಾದ ವಸ್ತುಗಳು ಅದೇ ಊರಿನ ಶಾಲೆಗೆ, ಶಿಶುವಿಹಾರಕ್ಕೆ ಅಥವಾ ಸೇವಾ ಸಂಸ್ಥೆಗೆ ಹೋಗುತ್ತವೆ. ಕೆಲವನ್ನು ಹರಾಜು ಹಾಕಿ ಹಣವನ್ನು ಒಳ್ಳೆಯ ಕೆಲಸಕ್ಕೆ ಕೊಡುತ್ತಾರೆ. ಹಾಲಿನ ಪತ್ರಿಕೆಯಲ್ಲಿ ಮರಗೆಲಸದ ಮಾತೇಕೆ ಎನ್ನಬೇಡಿ. ಕೊಟ್ಟಿಗೆ ಕಟ್ಟುವವರಿಗೆ, ಮಕ್ಕಳನ್ನು ಅಂಗನವಾಡಿಗೆ ಕಳಿಸುವವರಿಗೆ, ಮಗ ಅಥವಾ ಮಗಳ ಮುಂದಿನ ದಾರಿ ಏನೆಂದು ಯೋಚಿಸುವವರಿಗೆ ಇದರಲ್ಲಿ ತಿಳಿಯಬೇಕಾದ ಸಂಗತಿಗಳಿವೆ. ದನಗಳ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯೂ ಇದೆ.

ನಮ್ಮಂತೆಯೇ ಹಾಲಿನ ದೇಶ

ನ್ಯೂಜಿಲೆಂಡ್ ಸಣ್ಣ ದೇಶ. ಜನಸಂಖ್ಯೆ ಸುಮಾರು 50 ಲಕ್ಷ. ಕರೆಯುವ ಹಸುಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ 1871ರಲ್ಲೇ ಒಟಾಗೊ ಎಂಬ ಪ್ರಾಂತ್ಯದ ರೈತರು ಸೇರಿ ಚೀಸ್ ತಯಾರಿಸುವ ಸಹಕಾರಿ ಕಾರ್ಖಾನೆ ಮಾಡಿಕೊಂಡರು. ಇಂದು ಆ ದೇಶದ ಬಹುಪಾಲು ಹಾಲನ್ನು ಕೊಳ್ಳುವ ಫಾಂಟೆರಾ ಕೂಡ ರೈತರೇ ಒಡೆಯರಾಗಿರುವ ಸಹಕಾರಿ ಸಂಸ್ಥೆ. ಅದು 2001ರಲ್ಲಿ ರೂಪುಗೊಂಡಿತು.

ನಾವು ಹೇಳಹೊರಟಿರುವ ಸ್ಪರ್ಧೆಯಲ್ಲೂ ಸಹಕಾರದ ಪಾಲಿದೆ. ಇದನ್ನು ನಡೆಸುವುದು ನ್ಯೂಜಿಲೆಂಡ್ ಸರ್ಟಿಫೈಡ್ ಬಿಲ್ಡರ್ಸ್ ಎಂಬ ಮನೆ ಕಟ್ಟುವವರ ಸಂಘ. 1998ರಲ್ಲಿ ಸ್ಥಾಪನೆಯಾದ ಈ ಸಂಘಕ್ಕೆ ಸದಸ್ಯರಾಗಲು ಕಸುಬಿನಲ್ಲಿ ಅರ್ಹತೆ ಪಡೆದಿರಬೇಕು, ಹಣ ಕಟ್ಟಿದರಷ್ಟೇ ಸಾಲದು. ಸ್ಪರ್ಧೆಗೆ ಜೊತೆಯಾಗಿ ನಿಲ್ಲುವ ಐಟಿಎಂ ಎಂಬುದು ಮರ ಮತ್ತು ಕಟ್ಟಡ ಸಾಮಗ್ರಿ ಮಾರುವ ಅಂಗಡಿಗಳ ಸಹಕಾರಿ ಸಂಸ್ಥೆ. ಬೇರೆ ಬೇರೆ ಊರಿನ ಅಂಗಡಿಯವರು ತಮ್ಮ ತಮ್ಮ ಅಂಗಡಿಗೆ ತಾವೇ ಒಡೆಯರಾಗಿದ್ದುಕೊಂಡು ಒಂದೇ ಹೆಸರಿನಲ್ಲಿ ಸೇರಿದ್ದಾರೆ.

ದುಡಿಯುತ್ತಲೇ ಕಲಿಯುವವರು

ಅಪ್ರೆಂಟಿಸ್ ಎಂದರೆ ಕಸುಬುದಾರನ ಕೈಕೆಳಗೆ ಸಂಬಳ ಪಡೆಯುತ್ತಾ ಕೆಲಸ ಕಲಿಯುವವರು. ನ್ಯೂಜಿಲೆಂಡಿನಲ್ಲಿ ಬಡಗಿಯಾಗಲು ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷ ಬೇಕು. ವಾರದ ದಿನಗಳಲ್ಲಿ ಕಟ್ಟಡದ ಜಾಗದಲ್ಲಿ ಕೆಲಸ, ನಡುನಡುವೆ ಪಾಠ ಮತ್ತು ಪರೀಕ್ಷೆ. ಕೊನೆಗೆ ಮರಗೆಲಸದ ರಾಷ್ಟ್ರೀಯ ಪ್ರಮಾಣಪತ್ರ ಕೈಗೆ ಬರುತ್ತದೆ. ಅಲ್ಲಿಯ ಮನೆಗಳಲ್ಲಿ ಹೆಚ್ಚಿನವು ಮರದ ಚೌಕಟ್ಟಿನ ಮೇಲೆ ನಿಂತವು. ಹಾಗಾಗಿ ಬಡಗಿಯೇ ಮನೆ ಕಟ್ಟುವ ಮುಖ್ಯ ಮೇಸ್ತ್ರಿ.

ಈ ಕೆಲಸದಲ್ಲಿ ಹೆಣ್ಣುಮಕ್ಕಳು ಅಲ್ಲಿಯೂ ಇನ್ನೂ ಕಡಿಮೆ. ಆದರೆ ಬರುತ್ತಿದ್ದಾರೆ. ಇಂದಿನ ಮರಗೆಲಸದಲ್ಲಿ ತೋಳ್ಬಲಕ್ಕಿಂತ ಅಳತೆ, ತಾಳ್ಮೆ ಮತ್ತು ಯಂತ್ರ ಹಿಡಿಯುವ ಹದ ಹೆಚ್ಚು ಬೇಕು. ಕೆಚ್ಚಲು ನೋಡಿಯೇ ಬಾವು ಬರುವುದನ್ನು ಗುರುತಿಸುವ ಕಣ್ಣಿಗೆ ಈ ಸೂಕ್ಷ್ಮ ಹೊಸದಲ್ಲ.

ಸ್ಪರ್ಧೆ ಹೇಗೆ ನಡೆಯುತ್ತದೆ

ಮೊದಲು ಪ್ರಾದೇಶಿಕ ಸುತ್ತು. ದೇಶದ ಬೇರೆ ಬೇರೆ ಭಾಗಗಳಲ್ಲಿ ಅಪ್ರೆಂಟಿಸ್‌ಗಳು ಒಂದು ಕಡೆ ಸೇರುತ್ತಾರೆ. ಎಲ್ಲರಿಗೂ ಒಂದೇ ನಕ್ಷೆ, ಒಂದೇ ಪ್ರಮಾಣದ ಮರ. ಸಮಯ ಒಂದು ಕೆಲಸದ ದಿನ, ಅಂದರೆ ಸುಮಾರು ಎಂಟು ಗಂಟೆ. ಅಷ್ಟರೊಳಗೆ ನಕ್ಷೆಯಲ್ಲಿರುವ ವಸ್ತು ಎದ್ದು ನಿಲ್ಲಬೇಕು. ಪ್ರತಿ ಪ್ರಾಂತ್ಯದಲ್ಲಿ ಗೆದ್ದವರು ರಾಷ್ಟ್ರೀಯ ಸುತ್ತಿಗೆ ಹೋಗುತ್ತಾರೆ. ಅಲ್ಲಿ ಕೈಕೆಲಸದ ಜೊತೆಗೆ ಸಂದರ್ಶನವೂ ಇರುತ್ತದೆ, ಏಕೆಂದರೆ ಮನೆ ಕಟ್ಟಿಸುವವರೊಂದಿಗೆ ಮಾತಾಡಿ ಒಪ್ಪಿಸುವುದೂ ಕಸುಬಿನ ಭಾಗವೇ.

ವಸ್ತುವಿನ ಆಯ್ಕೆಯಲ್ಲೇ ಜಾಣತನವಿದೆ. ತೋಟದಲ್ಲಿಡುವ ಬೆಂಚು, ಗಿಡ ಬೆಳೆಸುವ ಪೆಟ್ಟಿಗೆ, ಮಕ್ಕಳು ಆಡುವ ಪುಟ್ಟ ಮನೆ ಇಂಥವು ಒಂದು ದಿನದಲ್ಲಿ ಮುಗಿಯುವಷ್ಟು ಸಣ್ಣವು, ಕಸುಬನ್ನು ಪರೀಕ್ಷಿಸುವಷ್ಟು ಕಷ್ಟದವು. ಬೆಂಚಿಗೆ ಕಾಲುಗಳು ಓರೆಯಾಗಿ ಕೂರಬೇಕು, ಅಂಥ ಕೋನ ಕೊಯ್ಯುವುದು ಸುಲಭವಲ್ಲ. ಪುಟ್ಟ ಮನೆಗೆ ಸೂರು, ಗೋಡೆ, ಬಾಗಿಲು ಎಲ್ಲ ಇರುವುದರಿಂದ ದೊಡ್ಡ ಮನೆಯ ಲೆಕ್ಕಾಚಾರವೆಲ್ಲ ಚಿಕ್ಕದಾಗಿ ಬಂದುಬಿಡುತ್ತದೆ.

ತೀರ್ಪುಗಾರರ ಕಣ್ಣು ಎಲ್ಲಿರುತ್ತದೆ

ಹಾಲು ನೋಡಲು ಬೆಳ್ಳಗಿದ್ದರೆ ಸಾಲದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಹೇಳಬೇಕು. ಮರಗೆಲಸದಲ್ಲೂ ಹಾಗೆಯೇ. ಹೊಳಪು ಕಂಡು ಅಂಕ ಹಾಕುವುದಿಲ್ಲ. ಇಂಥ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ನೋಡುವುದು ಇವು: ಅಳತೆ ನಕ್ಷೆಯಂತೆ ಇದೆಯೇ, ಮೂಲೆ ನೇರವಾಗಿದೆಯೇ, ಕೀಲುಗಳಲ್ಲಿ ಸಂದು ಉಳಿದಿದೆಯೇ, ಮರ ಎಷ್ಟು ಹಾಳಾಯಿತು, ಕೆಲಸ ಮಾಡುವಾಗ ಕಣ್ಣು ಮತ್ತು ಕಿವಿಗೆ ರಕ್ಷಣೆ ಇತ್ತೇ, ಹೊತ್ತಿಗೆ ಮುಗಿಯಿತೇ.

ಒಂದು ಉದಾಹರಣೆ ನೋಡಿ. ಗರಗಸದ ಅಲಗಿಗೂ ದಪ್ಪವಿದೆ. ಪ್ರತಿ ಕೊಯ್ತದಲ್ಲೂ ಸುಮಾರು 3 ಮಿಲಿಮೀಟರ್ ಮರ ಹೊಟ್ಟಾಗಿ ಹೋಗುತ್ತದೆ. ಉದ್ದನೆಯ ಹಲಗೆಯ ಮೇಲೆ ಮೊದಲೇ ಗೆರೆ ಎಳೆದು, ಈ ದಪ್ಪವನ್ನು ಬಿಡದೆ ಹತ್ತು ಸಲ ಕೊಯ್ದರೆ ಒಟ್ಟು 3 ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಕೊನೆಯ ತುಂಡು ನಿಷ್ಪ್ರಯೋಜಕ. ಕಲಿತ ಕೈ ಒಂದು ತುಂಡು ಕೊಯ್ದ ಮೇಲೆಯೇ ಇನ್ನೊಂದನ್ನು ಅಳೆಯುತ್ತದೆ.

ಮೂಲೆ ನೇರವಾಗಿದೆಯೇ ಎಂದು ನೋಡುವ ಹಳೆಯ ಉಪಾಯ ನಿಮ್ಮ ಕೊಟ್ಟಿಗೆಗೂ ಬೇಕಾದದ್ದು. ಮೂಲೆಯಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಅಳೆದು ಗುರುತು ಮಾಡಿ. ಎರಡು ಗುರುತುಗಳ ನಡುವಿನ ಅಂತರ ಸರಿಯಾಗಿ 5 ಅಡಿ ಇದ್ದರೆ ಮೂಲೆ ನೇರವಾಗಿದೆ. ಹೆಚ್ಚು ಬಂದರೆ ಮೂಲೆ ಅಗಲವಾಗಿದೆ, ಕಡಿಮೆ ಬಂದರೆ ಇಕ್ಕಟ್ಟಾಗಿದೆ. ದೊಡ್ಡ ಕೊಟ್ಟಿಗೆಗೆ 6, 8, 10 ಅಡಿ ಅಥವಾ 9, 12, 15 ಅಡಿ ಹಿಡಿದರೆ ಇನ್ನೂ ನಿಖರ. ಪಾಯ ತೋಡುವ ಮುಂಚೆ ಹಗ್ಗ ಮತ್ತು ಟೇಪು ಹಿಡಿದು ಇದನ್ನು ನೀವೇ ನೋಡಬಹುದು. ಕೊನೆಗೆ ಎದುರುಬದುರು ಮೂಲೆಗಳ ಅಂತರ ಎರಡೂ ಕಡೆ ಸಮನಾಗಿದೆಯೇ ನೋಡಿ. ಮೂಲೆ ಓರೆಯಾದರೆ ಮೇಲ್ಛಾವಣಿಯ ಶೀಟು ಸರಿಯಾಗಿ ಕೂರುವುದಿಲ್ಲ, ಸಂದಿನಲ್ಲಿ ಮಳೆ ನೀರು ಇಳಿದು ಮೇವು ನೆನೆಯುತ್ತದೆ.

ಕಸುಬು ಕೆಟ್ಟರೆ ಏನಾಗುತ್ತದೆ

ಅಪ್ರೆಂಟಿಸ್‌ಗಳ ತರಬೇತಿಗೆ ಆ ದೇಶ ಇಷ್ಟು ಗಮನ ಕೊಡುವುದರ ಹಿಂದೆ ಕಹಿ ಅನುಭವವಿದೆ. ಅಲ್ಲಿ ಹೆಚ್ಚಾಗಿ ಬಳಸುವುದು ರೇಡಿಯೇಟಾ ಪೈನ್ ಎಂಬ ಮರ. ಮೂಲ ಕ್ಯಾಲಿಫೋರ್ನಿಯಾದ್ದು. ನೆಟ್ಟು 25ರಿಂದ 30 ವರ್ಷಕ್ಕೆ ಕಡಿಯಲು ಬರುತ್ತದೆ. ಬೇಗ ಬೆಳೆಯುವ ಮೃದು ಮರವಾದ್ದರಿಂದ ನೀರು ತಾಗಿದರೆ ಬೇಗ ಕೊಳೆಯುತ್ತದೆ. ಅದಕ್ಕಾಗಿ ಮರಕ್ಕೆ ಔಷಧಿ ಕುಡಿಸಿ ಬಳಸುತ್ತಾರೆ. 1990ರ ದಶಕದ ಕೊನೆಯಲ್ಲಿ ನಿಯಮ ಸಡಿಲಿಸಿ, ಮನೆಯ ಚೌಕಟ್ಟಿಗೆ ಔಷಧಿ ಕುಡಿಸದ ಒಣಗಿಸಿದ ಮರವನ್ನೂ ಬಳಸಲು ಬಿಟ್ಟರು. ಅದೇ ಕಾಲಕ್ಕೆ ನೀರು ಒಳಗೆ ಇಳಿಯುವಂಥ ಹೊಸ ನಮೂನೆಯ ಗೋಡೆಗಳು ಬಂದವು. ತರಬೇತಿಯೂ ಮೇಲ್ವಿಚಾರಣೆಯೂ ಕುಂದಿದ್ದವು. ಎಲ್ಲ ಸೇರಿ ಸಾವಿರಾರು ಮನೆಗಳು ಒಳಗೊಳಗೇ ಕೊಳೆತವು. 2009ರಲ್ಲಿ ಸರ್ಕಾರಕ್ಕಾಗಿ ಮಾಡಿದ ಒಂದು ಅಂದಾಜಿನಲ್ಲಿ ಹಾಳಾದ ಮನೆಗಳ ಸಂಖ್ಯೆ ಸುಮಾರು 42,000. ಜೀವಮಾನದ ಉಳಿತಾಯ ಹಾಕಿ ಮನೆ ಕೊಂಡ ಎಷ್ಟೋ ಕುಟುಂಬಗಳು ಸಾಲದಲ್ಲಿ ಸಿಕ್ಕಿಕೊಂಡವು.

ಅದಾದ ಮೇಲೆ ನಿಯಮ ಬಿಗಿಯಾಯಿತು. ಚೌಕಟ್ಟಿನ ಮರಕ್ಕೆ ಔಷಧಿ ಮತ್ತೆ ಬಂತು. ಮನೆಯ ಮುಖ್ಯ ಕೆಲಸಗಳನ್ನು ಪರವಾನಗಿ ಪಡೆದವರೇ ಮಾಡಬೇಕು ಅಥವಾ ನಿಂತು ಮಾಡಿಸಬೇಕು ಎಂಬ ಕಟ್ಟುಪಾಡು 2012ರಿಂದ ಜಾರಿಗೆ ಬಂತು. ಈ ನಡುವೆ 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್ ನಗರದಲ್ಲಿ ಭೂಕಂಪವಾಗಿ 185 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಕುಸಿದುಬಿದ್ದ ಎರಡು ಕಾಂಕ್ರೀಟ್ ಕಟ್ಟಡಗಳಲ್ಲಿ ಸಿಕ್ಕಿದವರು. ನಗರವನ್ನು ಮತ್ತೆ ಕಟ್ಟಲು ಬಹಳಷ್ಟು ಬಡಗಿಗಳು ಬೇಕಾದರು. ಒಂದು ಬೆಂಚಿನ ಕೀಲನ್ನು ಮಿಲಿಮೀಟರ್ ಲೆಕ್ಕದಲ್ಲಿ ಪರೀಕ್ಷಿಸುವುದು ಅತಿ ಎನಿಸಬಹುದು. ಆದರೆ ಅದೇ ಕೈ ನಾಳೆ ಒಂದು ಕುಟುಂಬ ಮಲಗುವ ಮನೆಯ ಸೂರು ನಿಲ್ಲಿಸುತ್ತದೆ.

ಊರಿಗೆ ಆಗುವ ಲಾಭ

ಮೊದಲನೆಯದು ಕಣ್ಣಿಗೆ ಕಾಣುವಂಥದ್ದು. ಶಿಶುವಿಹಾರಕ್ಕೆ ಬೆಂಚು ಬರುತ್ತದೆ, ಮಕ್ಕಳಿಗೆ ಆಟದ ಮನೆ ಸಿಗುತ್ತದೆ. ಆ ದೇಶದಲ್ಲಿ ಪ್ಲೇಸೆಂಟರ್ ಎಂಬ ಮಕ್ಕಳ ಕೂಟಗಳಿವೆ. 1941ರಲ್ಲಿ, ಗಂಡಸರು ಯುದ್ಧಕ್ಕೆ ಹೋಗಿದ್ದಾಗ, ರಾಜಧಾನಿ ವೆಲಿಂಗ್ಟನ್ನಿನ ತಾಯಂದಿರು ಇದನ್ನು ಶುರುಮಾಡಿದರು. ಸರದಿಯ ಮೇಲೆ ಮಕ್ಕಳನ್ನು ನೋಡಿಕೊಳ್ಳುವುದು, ಕೂಟವನ್ನು ತಾವೇ ನಡೆಸುವುದು ಅದರ ಕ್ರಮ. ಇಂದಿಗೂ ಪೋಷಕರೇ ನಡೆಸುತ್ತಾರೆ. ನಮ್ಮ ಮಹಿಳಾ ಹಾಲು ಸಂಘಗಳ ಹಾಗೆಯೇ ಎನ್ನಬಹುದು. ಕೈಯಲ್ಲಿ ದುಡ್ಡು ಕಡಿಮೆ ಇರುವ ಇಂಥ ಕೂಟಗಳಿಗೆ ಗಟ್ಟಿಮುಟ್ಟಾದ ಒಂದು ಮರದ ಸಾಮಾನು ಸಣ್ಣ ವಿಷಯವಲ್ಲ.

ಎರಡನೆಯದು, ಮಾಡುವ ಕೈಗೆ ಬರುವ ಶ್ರದ್ಧೆ. ಮಾದರಿ ತುಂಡಿನ ಕೀಲು ಸಡಿಲವಾದರೆ ಎರಡು ಅಂಕ ಹೋಯಿತು, ಅಷ್ಟೇ. ಮಗು ಕೂರುವ ಬೆಂಚಿನ ಕೀಲು ಸಡಿಲವಾದರೆ ಮಗು ಬೀಳುತ್ತದೆ. ಇದು ಗೊತ್ತಿದ್ದು ಕೆಲಸ ಮಾಡುವ ಹುಡುಗ ಮೊಳೆಯ ತುದಿ ಹೊರಬಂದಿದೆಯೇ ಎಂದು ಕೈಯಾಡಿಸಿ ನೋಡುತ್ತಾನೆ.

ಮೂರನೆಯದು, ಊರಿನವರಿಗೆ ತಮ್ಮ ಕಸುಬುದಾರರ ಪರಿಚಯ. ಶಾಲೆಯ ಬೆಂಚು ಮಾಡಿದ್ದು ಯಾರ ಮಗ, ಯಾರ ಮಗಳು ಎಂದು ಗೊತ್ತಾದರೆ ನಾಳೆ ಕೆಲಸವೂ ಅವರನ್ನು ಹುಡುಕಿಕೊಂಡು ಬರುತ್ತದೆ.

ದಾನದ ವಸ್ತುವನ್ನೂ ಪರೀಕ್ಷಿಸಿ

ಪುಕ್ಕಟೆ ಸಿಕ್ಕಿತೆಂದು ಎಲ್ಲವನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳಬಾರದು. ಗಡಿಯಾರದ ವಿರುದ್ಧ ಮಾಡಿದ ಕೆಲಸದಲ್ಲಿ ಕುಂದು ಉಳಿಯಬಹುದು. ಅಂಗನವಾಡಿಗೆ ಅಥವಾ ಶಾಲೆಗೆ ಯಾರೇ ಮರದ ಸಾಮಾನು ಕೊಟ್ಟರೂ ಇಷ್ಟನ್ನು ನೋಡಿ:

ಅಲುಗಾಡಿಸಿ ನೋಡಿ, ಕೀಲು ಕಿರುಗುಟ್ಟಬಾರದು. ಅಂಚುಗಳ ಮೇಲೆ ಕೈಯಾಡಿಸಿ, ಸಿಬಿರು ಮತ್ತು ಮೊಳೆ ತಾಗಬಾರದು. ಪಟ್ಟಿಗಳ ನಡುವೆ ಸಂದು ಇದ್ದರೆ ಅಳೆಯಿರಿ. ಸಂದು ಮೂರೂವರೆ ಅಂಗುಲಕ್ಕಿಂತ ಕಿರಿದಾಗಿರಬೇಕು ಅಥವಾ ಒಂಬತ್ತು ಅಂಗುಲಕ್ಕಿಂತ ಅಗಲವಾಗಿರಬೇಕು. ನಡುವಿನ ಅಳತೆಯಲ್ಲಿ ಚಿಕ್ಕ ಮಗುವಿನ ಮೈ ಜಾರಿ ಹೋಗಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ.

ದನ ಸಾಕುವವರಿಗೆ ಎಚ್ಚರಿಕೆ

ಹೊರಗಡೆ ಇಡುವ ಮರ ಕೊಳೆಯದಿರಲು ಕುಡಿಸುವ ಔಷಧಿಗಳಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿದ ಒಂದು ಬಗೆ ಬಹಳ ಬಳಕೆಯಲ್ಲಿದೆ. ನಮ್ಮ ದೇಶದಲ್ಲೂ ಕಂಬಗಳಿಗೆ ಇದನ್ನು ಬಳಸುತ್ತಾರೆ. ಇಂಥ ಮರದಲ್ಲಿ ನಸುಹಸಿರು ಛಾಯೆ ಕಾಣಬಹುದು. ಗಟ್ಟಿಯಾಗಿ ನಿಂತ ಕಂಬದಿಂದ ದೊಡ್ಡ ಭಯವಿಲ್ಲ. ಅಪಾಯ ಇರುವುದು ಅದನ್ನು ಸುಟ್ಟಾಗ. ಆರ್ಸೆನಿಕ್ ಎಂಬ ವಿಷ ಬೂದಿಯಲ್ಲಿ ಉಳಿಯುತ್ತದೆ. ಬೂದಿಯ ಉಪ್ಪು ರುಚಿಗೆ ದನಗಳು ಅದನ್ನು ನೆಕ್ಕುತ್ತವೆ. ಹೀಗೆ ನೆಕ್ಕಿ ದನಗಳು ಸತ್ತ ಪ್ರಕರಣಗಳು ಪಶುವೈದ್ಯರ ದಾಖಲೆಗಳಲ್ಲಿವೆ. ನೀರಿನಂಥ ಭೇದಿ, ತೂರಾಟ, ನಿತ್ರಾಣ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ, ಬೂದಿ ನೆಕ್ಕಿರುವ ಅನುಮಾನವಿದ್ದರೆ ಹೇಳಿ.

ಹಾಗಾಗಿ ಔಷಧಿ ಕುಡಿಸಿದ ಅಥವಾ ಬಣ್ಣ ಬಳಿದ ಮರದ ಚೂರುಗಳನ್ನು ಒಲೆಗೆ ಹಾಕಬೇಡಿ. ಅದರ ಬೂದಿಯಿಂದ ಹಾಲಿನ ಕ್ಯಾನು, ಪಾತ್ರೆ ತಿಕ್ಕಬೇಡಿ. ಗೋದಲಿಗೆ ಇಂಥ ಹಲಗೆ ಬಳಸಬೇಡಿ. ಹಳೆಯ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸ ಇರಬಹುದು. ಕರುಗಳು ಅದನ್ನು ನೆಕ್ಕಿದರೆ ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು ಮೊದಲಾದ ಲಕ್ಷಣಗಳು ಬರುತ್ತವೆ. ಹಳೆಯ ಬಾಗಿಲನ್ನು ಕರುಗಳ ಅಡ್ಡಗಟ್ಟೆಯಾಗಿ ಬಳಸುವ ಅಭ್ಯಾಸವಿದ್ದರೆ ಇಂದೇ ತೆಗೆಯಿರಿ.

ನಮ್ಮ ಊರಿನಲ್ಲಿ ಏನು ಮಾಡಬಹುದು

ದೊಡ್ಡ ಸ್ಪರ್ಧೆ ನಡೆಸುವುದು ಹಾಲು ಸಂಘದ ಕೆಲಸವಲ್ಲ. ಆದರೆ ಆ ಸ್ಪರ್ಧೆಯ ಮೂಲ ವಿಚಾರ ಸರಳವಾದದ್ದು: ಕಲಿಯುವವರು ಹೇಗೂ ಏನಾದರೂ ಮಾಡಲೇಬೇಕು, ಅದು ಯಾರಿಗಾದರೂ ಬೇಕಾದ ವಸ್ತುವಾಗಿರಲಿ. ನಿಮ್ಮ ತಾಲ್ಲೂಕಿನ ಐಟಿಐಯಲ್ಲಿ ಬಡಗಿ ವೃತ್ತಿ ಕಲಿಸುತ್ತಿದ್ದರೆ, ಸಂಘದ ಆಡಳಿತ ಮಂಡಳಿಯವರು ಅಲ್ಲಿನ ಪ್ರಾಚಾರ್ಯರನ್ನು ಕೇಳಬಹುದು. ಮರದ ಖರ್ಚನ್ನು ಸಂಘ, ಪಂಚಾಯಿತಿ ಅಥವಾ ಊರಿನ ದಾನಿಗಳು ಕೊಟ್ಟರೆ, ವಿದ್ಯಾರ್ಥಿಗಳ ಅಭ್ಯಾಸದ ತುಂಡು ಅಂಗನವಾಡಿಯ ಪುಟ್ಟ ಬೆಂಚಾಗಬಹುದು, ಹಾಲು ಹಾಕಲು ಬಂದ ಹಿರಿಯರು ಕೂರುವ ಆಸನವಾಗಬಹುದು, ಸಂಘದ ಲೆಕ್ಕಪುಸ್ತಕ ಇಡುವ ಕಪಾಟಾಗಬಹುದು. ಕೇಳುವ ಮುಂಚೆ ಮೂರು ವಿಷಯ ನಿರ್ಧರಿಸಿಕೊಳ್ಳಿ: ನಿಜವಾಗಿ ಬೇಕಾದದ್ದು ಯಾವುದು, ಅದರ ಅಳತೆ ಎಷ್ಟು, ಮುಂದೆ ಅದರ ದುರಸ್ತಿ ನೋಡುವವರು ಯಾರು. ಕೇಳದೆ ಕೊಟ್ಟ ವಸ್ತು ಹಿತ್ತಲು ಸೇರುತ್ತದೆ.

ಐಟಿಐಯ ಬಡಗಿ ವೃತ್ತಿ ಒಂದು ವರ್ಷದ ಕೋರ್ಸು. ಎಂಟನೇ ತರಗತಿ ಪಾಸಾದವರು ಸೇರಬಹುದು, ಹೆಣ್ಣುಮಕ್ಕಳೂ ಸೇರಬಹುದು. ಮುಗಿಸಿದ ಮೇಲೆ ಅಪ್ರೆಂಟಿಸ್ ಕಾಯ್ದೆಯಡಿ ವೇತನ ಪಡೆಯುತ್ತಾ ಕಲಿಯುವ ಅವಕಾಶವೂ ಇದೆ. ಈ ಕಾಯ್ದೆ 1961ರದು.

ಮನೆಯಲ್ಲಿ ಈಗಾಗಲೇ ಕೈಯಿಂದ ಬಡಗಿ ಕೆಲಸ ಮಾಡುವವರಿದ್ದರೆ ಪಿಎಂ ವಿಶ್ವಕರ್ಮ ಯೋಜನೆಯನ್ನು ವಿಚಾರಿಸಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯಲ್ಲಿ ಬಡಗಿ ಸೇರಿದಂತೆ 18 ಕಸುಬುಗಳಿವೆ. ವಯಸ್ಸು 18 ತುಂಬಿರಬೇಕು, ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂ. ಭತ್ಯೆ, ಉಪಕರಣ ಕೊಳ್ಳಲು 15,000 ರೂ. ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ರೂ., ಅದನ್ನು ಸರಿಯಾಗಿ ತೀರಿಸಿದ ಮೇಲೆ 2 ಲಕ್ಷ ರೂ. ವರೆಗೆ ಸಾಲ ಯೋಜನೆಯಲ್ಲಿದೆ. ಸರ್ಕಾರಿ ನೌಕರಿಯಲ್ಲಿರುವವರಿಗೆ ಮತ್ತು ಅವರ ಕುಟುಂಬಕ್ಕೆ ಇದು ಅನ್ವಯಿಸದು. ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಣಿ, ಗ್ರಾಮ ಪಂಚಾಯಿತಿಯಲ್ಲಿ ಪರಿಶೀಲನೆ. ನೋಂದಣಿಗೆ ಶುಲ್ಕವಿಲ್ಲ. ಮಧ್ಯವರ್ತಿಗೆ ಹಣ ಕೊಡಬೇಡಿ, ಹೋಗುವ ಮುಂಚೆ ಸದ್ಯದ ನಿಯಮಗಳನ್ನು ಪಂಚಾಯಿತಿಯಲ್ಲಿ ಕೇಳಿಕೊಳ್ಳಿ.

ಮುಂದಿನ ಸಭೆಗೆ ಒಂದು ವಿಷಯ

ಕೊಟ್ಟಿಗೆಯ ಬಾಗಿಲು ಜೋತುಬಿದ್ದಾಗ, ಗೋದಲಿಯ ಹಲಗೆ ಮುರಿದಾಗ ಕರೆದರೆ ಬರುವ ಬಡಗಿ ಹಳ್ಳಿಯಲ್ಲಿ ಸಿಗುವುದು ಕಷ್ಟವಾಗುತ್ತಿದೆ ಎಂದು ಬಹಳ ಮಂದಿ ಹೇಳುತ್ತೀರಿ. ಕಸುಬಿಗೆ ಗೌರವ ಕಾಣದಿದ್ದರೆ ಮಕ್ಕಳು ಅದನ್ನು ಹಿಡಿಯುವುದಿಲ್ಲ. ಶಾಲೆಯಂಗಳದ ಒಂದು ಬೆಂಚಿನ ಮೇಲೆ ಅದನ್ನು ಮಾಡಿದವರ ಹೆಸರು ಬರೆಸುವುದಕ್ಕೆ ಖರ್ಚೇನೂ ಇಲ್ಲ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಬೋನಸ್ಸು, ಪಶು ಆಹಾರ, ವಿಮೆಯ ವಿಷಯ ಮುಗಿದ ಮೇಲೆ ಐದು ನಿಮಿಷ ಈ ಮಾತನ್ನೂ ಎತ್ತಿ. ಊರಿನ ಅಂಗನವಾಡಿಗೆ ಏನು ಬೇಕು ಎಂದು ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಂಡು ಬನ್ನಿ.